ಬಾಯಿಗೆ ಕಿವಿ

ಶಿಡ್ಲಘಟ್ಟದ ಸರ್ಕಾರಿ ಹೈಸ್ಕೂಲು. ಲ್ಯಾಬಿನ ಬೀಗದ ಕೈ
ಇಪ್ಪತ್ತಾರು ವರ್ಷದಿಂದ ನನ್ನ ಸೊಂಟದಲ್ಲಿ.
ಕಪ್ಪೆಯ ಜಾಡಿ, ಒಂಟಿ ತಟ್ಟೆಯ ತಕ್ಕಡಿ, ಅದರ ಹಿಂದೆ
ಗೋಣಿಚೀಲ ಹೊದ್ದು ಕೂತ ಕಂಪ್ಯೂಟರು:
ಎಂಬತ್ತರ ದಶಕದ್ದು. ಕೆನೆಬಣ್ಣ ಹಳದಿಗೆ ತಿರುಗಿದೆ.
ಮೇಲಿನ ಸಾಲಿನ ಹತ್ತು ಕೀಲಿ ಮಾತ್ರ ಇನ್ನೂ
ಎಲೆ ಅಡಿಕೆ ಹಾಕಿದ ತುಟಿಯ ಕೆಂಪು.
ಈಗಿನ ಒಂದು ಗುಡ್ ಮಾರ್ನಿಂಗ್ ಗುಲಾಬಿಯೂ
ಅದರ ನೆನಪಿನಲ್ಲಿ ಹಿಡಿಸದು.
ದಾಸ್ತಾನು ಪುಸ್ತಕದಲ್ಲಿ ಹೆಸರಿದೆ,
ಅದಕ್ಕೇ ಗುಜರಿಗೆ ಹೋಗಿಲ್ಲ.

ಮುನೀರಾ ಬಂದದ್ದು ಶನಿವಾರ ಸಂಜೆ,
ಬೆಂದ ಹುಳುವಿನ ವಾಸನೆ ಕೈ ಬಿಟ್ಟಿರಲಿಲ್ಲ.
ಚೀಲದಿಂದ ತೆಗೆದದ್ದು ಕನ್ನಡಕದ ಡಬ್ಬಿ ಅಂದುಕೊಂಡೆ.
ತೆರೆದರೆ ಬೆಲ್ಲದಚ್ಚಿನಂಥ ಪುಟಾಣಿ ಕೀಲಿಗಳು, ಉದ್ದನೆಯ ಗಾಜು.
"ಮೊಹಿದ್ದೀನ್ ಮಾಮುದು ಸಾರ್. ಗೂಡಿನ ಮಾರ್ಕೆಟ್ ಲೆಕ್ಕ ಎಲ್ಲಾ ಇದ್ರಾಗೇ.
ಗ್ಲಾಸು ಅರ್ಧ ಗೀರು ಗೀರು ಬರ್ತೈತೆ.
ನಿಮ್ಮ ದೊಡ್ಡದಕ್ಕೆ ಸೇರಿಸಿದ್ರೆ
ಟೀವಿಯಾಗೆ ಓದ್ಬೋದಾ?"

ಓದಬಹುದು ಅಂದೆ.
ಗೊತ್ತಿರಲಿಲ್ಲ.

ಮೂರೇ ತಂತಿ ಸಾಕು, ಲೆಕ್ಕಕ್ಕೆ.
ಇವನ ಬಾಯಿ ಅವನ ಕಿವಿಗೆ,
ಅವನ ಬಾಯಿ ಇವನ ಕಿವಿಗೆ,
ಮೂರನೆಯದು ಇಬ್ಬರೂ ನಿಂತ ನೆಲ.
ನಾನು ಮೊದಲು ಬೆಸೆದದ್ದು ಬಾಯಿಗೆ ಬಾಯಿ.
ಇಬ್ಬರೂ ಒಟ್ಟಿಗೆ ಕೂಗಿದರೋ ಏನೋ,
ಕೇಳಿದವರಿಲ್ಲ.
ನಮ್ಮ ಮನೆಯಲ್ಲೂ ಹೀಗೇ ಎಂದು ನಕ್ಕೆ, ಅವಳು ನಗಲಿಲ್ಲ.
ತಂತಿ ಕಿತ್ತುಕೊಂಡು ಉಗುರಲ್ಲೇ ಸಿಪ್ಪೆ ಸುಲಿದಳು,
ಕುದಿನೀರಲ್ಲಿ ಗೂಡಿನ ಎಳೆಯ ತುದಿ
ಕಣ್ಣು ಮುಚ್ಚಿ ಹಿಡಿಯುವ ಬೆರಳು,
ತುದಿಯಲ್ಲಿ ರೇಖೆಯೇ ಉಳಿದಿಲ್ಲ.

ಅಡ್ಡ ಬೆಸೆದದ್ದಾಯಿತು. ಆದರೂ ಮೌನ.
ಒಂದು ಗಂಟೆ, ಎರಡು ಚಹಾ.
ಟೀವಿಯ ಕಪ್ಪಿನಲ್ಲಿ ಗೆರೆಯೊಂದು ಮಿಟುಕುತ್ತದೆ,
ಬಾಗಿಲು ತೆರೆದಿಟ್ಟು ಯಾರೂ ಬಾರದ ಹಾಗೆ.

ಆಮೇಲೆ ಅವಳೇ ಕೇಳಿದಳು:
"ಈ ಪಿನ್ನು ಯಾವ ಕಡೆ ಮೇಲೆ?"
ಐದು ಕಡ್ಡಿ, ಪಗಡೆದಾಳದ ಐದರ ಹಾಗೆ,
ಅಡಿಮೇಲಾದರೂ ಅದೇ ಐದು,
ಹೇಗೆ ತುರುಕಿದರೂ ಕೂರುತ್ತದೆ ಹಲ್ಕಾ ನನ್ಮಗಂದು,
ಕೂತದ್ದೆಲ್ಲ ಸರಿಯಾಗಿ ಕೂತಂತೆ ಅಲ್ಲ.
ತಿರುಗಿಸಿದೆ.

ಬಂತು. ಬಂದದ್ದು ಕಸ:
ಚುಕ್ಕಿ, ಕೊಕ್ಕೆ, ಡಾಲರು, ಅರ್ಧ ಆವರಣ.
ಒಬ್ಬನದು ಓಟ, ಇನ್ನೊಬ್ಬನದು ನಡಿಗೆ.
ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಮಿಡಿತ,
ಇಬ್ಬರಿಗೂ ಅಷ್ಟೇ ಎಂದು ಗಂಟು ಹಾಕಿದ ಮೇಲೆ
ಸಾಲು ಸಾಲಾಗಿ ಇಳಿಯಿತು
ಇಂಗ್ಲಿಷ್ ಅಕ್ಷರದ ಕನ್ನಡ, ಉರ್ದು, ತೆಲುಗು:
ವಿಜಯಪುರದ ಲಾಟು, ಕಿಲೋಗೆ ನೂರಾ ನಲವತ್ತು.
ಚಿಂತಾಮಣಿ ಗಂಗುಲಪ್ಪ, ಗೂಡು ಮೆತ್ತಗೆ, ಮಾತು ಗಟ್ಟಿ.
ಮೂರೇ ಅಂಕಿಯ ಫೋನ್ ನಂಬರುಗಳು.
ಹಲ್ಲಿನ ಡಾಕ್ಟರು, ಬುಧವಾರ, ಹೋಗಬಾರದು.

ಕೊನೆಯ ಸಾಲಿಗೆ ಬಂದು ಅವಳ ಬೆರಳು ಗಾಜಿಗೆ ತಗುಲಿತು:
ಮುನೀರಾ. ಐಸ್. ನಲವತ್ತು ರೂಪಾಯಿ. ಬಾಕಿ.

"ಅಯ್ಯೋ ಸುಳ್ಳು ಸಾರ್!
ಆವತ್ತೇ ಕೊಟ್ಟಿದ್ದೆ, ಮಸೀದಿ ಮುಂದೆ,
ಜೇಬಿಗೆ ಹಾಕ್ಕೊಂಡು ಬರಕೊಂಡೇ ಇಲ್ಲ ನೋಡಿ!"
ಸತ್ತವನ ಜೊತೆ ಜಗಳಕ್ಕೆ ಇಷ್ಟು ಹುಮ್ಮಸ್ಸು
ಯಾರಿಗಾದರೂ ಇರುತ್ತದೆಯೇ?
ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು
ಹಳದಿ ಯಂತ್ರದ ಮುಂದೆ. ಒಂದೊಂದೇ ಕೀಲಿ ಹುಡುಕಿ ಒತ್ತಿದಳು:
ಕೊಟ್ಟಾಯ್ತು ಮಾಮು.
ತಂತಿಯಲ್ಲಿ ಹಿಂದಕ್ಕೆ ಹೋಯಿತು.
ಅಂಗೈಯ ಗಾಜಿನಲ್ಲಿ, ಗೀರು ಬೀಳದ ಅರ್ಧದಲ್ಲಿ,
ಬಾಕಿಯ ಕೆಳಗೆ ಹೋಗಿ ಕೂತಿತು.

ಆಗಲೇ ಕರೆಂಟು ಹೋಯಿತು.
ನನ್ನ ಯಂತ್ರ ಎಲ್ಲವನ್ನೂ ಮರೆಯಿತು, ಅದರ ಜಾತಿಯೇ ಅಂಥದು.
ಅವಳದು ಎರಡು ಪೆನ್ಸಿಲ್ ಸೆಲ್ಲಿನ ಮೇಲೆ
ಮರೆಯದೆ ಇತ್ತು.

ಮೊಬೈಲಿನ ಬೆಳಕಲ್ಲಿ ಚೀಲ ತಡಕಿ
ಉಗುರುಬಣ್ಣದ ಶೀಷೆ ತೆಗೆದಳು,
ಪಿನ್ನಿನ ಬೆನ್ನಿಗೆ ಒಂದು ಕೆಂಪು ಬೊಟ್ಟಿಟ್ಟು ಊದಿದಳು.
"ಇದು ಮೇಲೆ," ಅಂದಳು. "ಮುಂದಿನ ವಾರ
ಗಂಗುಲಪ್ಪನ ಲೆಕ್ಕ ನೋಡೋಣ."