ಖಾಲಿಯ ಅಳತೆ

ಫುಜೈರಾದ ಲಂಗರುಗಡಲು. ರಾತ್ರಿ ಎರಡು ಗಂಟೆ.
ಹಗ್ಗದೇಣಿಗೆ ಲಾಂಚನ್ನು ತಾಗಿಸುತ್ತ ಸೈದಾಲವಿ ಹೇಳುತ್ತಾನೆ:
"ಏರುವಾಗ ಕೆಳಗೆ ನೋಡಬೇಡಿ ಮಾಷೇ,
ಇಳಿಯುವಾಗ ಮೇಲೆ."
ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದಾನೆ.
ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ.

ನಾನು ಎಣ್ಣೆ ಅಳೆಯುವವ.
ಊರಲ್ಲಿ ಹಾಗೆಂದಾಗ
ಗಾಣದ ಬಾಗಿಲಲ್ಲಿ ಪಾವು ಹಿಡಿದು ಕೂತವನೆಂದುಕೊಂಡರು.
ನಿಜ ಹೇಳಬೇಕೆಂದರೆ ನಾನು ಅಳೆಯುವುದು ಎಣ್ಣೆಯನ್ನೇ ಅಲ್ಲ.
ಮುಚ್ಚಳದಿಂದ ಎಣ್ಣೆಯ ಮೈವರೆಗೆ
ಎಷ್ಟು ಖಾಲಿ ಇದೆಯೋ ಅದನ್ನು ಅಳೆದು
ಕಳೆದರೆ ಉಳಿದದ್ದು ಎಣ್ಣೆ.
ಹಿತ್ತಾಳೆಯ ಗುಂಡು ಕತ್ತಲೆಗಿಳಿಯುತ್ತದೆ.
ಮುಟ್ಟಿದ್ದು ಕಣ್ಣಿಗೆ ಕಾಣದು, ಕಿವಿಗೆ ಕೇಳದು,
ಬೆರಳಿಗೆ ಮಾತ್ರ, ನಿದ್ದೆಯ ಮಗು ಕಾಲು ತಾಗಿಸಿದಷ್ಟು.

ಮೊದಲ ವಾರ ಕಲಿಸಿದ ಪಾಠ ಒಂದೇ:
ಕೊಳೆತ ಮೊಟ್ಟೆಯ ನಾತ ಬಂದರೆ ಹೆದರು.
ಬರುತ್ತಿದ್ದದ್ದು ಥಟ್ಟನೆ ನಿಂತರೆ
ಓಡು.

ಇವತ್ತಿನ ಹಡಗು ಇಪ್ಪತ್ತಾರು ವರ್ಷದ ಮುದುಕಿ.
ಹಿಂಬದಿಯಲ್ಲಿ ಬಿಳಿ ಅಕ್ಷರ, ಇನ್ನೂ ಹಸಿ: ನೋವಾ ಲುಮೆನ್.
ಟಾರ್ಚನ್ನು ಓರೆಯಾಗಿ ಹಿಡಿದರೆ
ಬಣ್ಣದ ಕೆಳಗೆ ಬೆಸುಗೆಯ ಗೆರೆಗಳು ಉಬ್ಬುತ್ತವೆ,
ಇನ್ನೊಂದು ಹೆಸರು, ಅದರ ಮೇಲೊಂದು,
ಹಚ್ಚೆ ಅಳಿಸದೆ ಗಂಡನನ್ನು ಬದಲಿಸಿದ ಹಾಗೆ.
ಬಾವುಟ ಯಾವ ದೇಶದ್ದೆಂದು ಕ್ಯಾಪ್ಟನ್ ದಾವಿತ್
ಕಾಗದ ನೋಡಿ ಹೇಳಿದ.

ಅವನ ಪರದೆಯ ಮೇಲೆ ನಾವು ಕಡಲಲ್ಲಿಲ್ಲ.
ಯಾರೋ ಎಲ್ಲಿಂದಲೋ ಉಪಗ್ರಹದ ಕಿವಿ ತಿರುಚಿದ್ದಾರೆ,
ಮೂರು ಲಕ್ಷ ಟನ್ನಿನ ಹಡಗು
ವಿಮಾನ ನಿಲ್ದಾಣದ ನಟ್ಟನಡುವೆ ಲಂಗರು ಹಾಕಿದೆ.
"ಬೋರ್ಡಿಂಗ್ ಪಾಸ್ ತಂದಿದ್ದೀಯಾ?" ಎಂದು ನಗುತ್ತಾನೆ.
ನಕ್ಕು, ಕಿಟಕಿ ತೆರೆದು, ಬೆಟ್ಟದ ದೀಪವನ್ನು
ಅಜ್ಜನ ಕಾಲದವರ ಹಾಗೆ ಬರಿಗಣ್ಣಲ್ಲಿ ಗುರುತಿಸಿಕೊಳ್ಳುತ್ತಾನೆ.

ಮಾಲೀಕನ ಸಂದೇಶ ಎರಡೇ ಪದ: ಇನ್ನೂ ಕಾಯಿರಿ.
ಜಲಸಂಧಿಯಲ್ಲಿ ಸದ್ದಾದಷ್ಟೂ ಬಾಡಿಗೆ ಏರುತ್ತದೆ,
ವಿಮೆಯವನೂ ಏರಿಸುತ್ತಾನೆ,
ಎರಡರ ನಡುವಿನ ಸಂದಿಯಲ್ಲಿ
ಯಾರೋ ಒಬ್ಬ ಈ ವಾರ ಹೊಸ ಮನೆ ಕಟ್ಟುತ್ತಾನೆ.

ಪಂಪಿನ ಹುಡುಗ ಯಶವಂತ ಹರಿಕಂತ್ರ, ತದಡಿಯವನು.
ನನ್ನ ಕನ್ನಡ ಕೇಳಿದ್ದೇ ಗ್ರೀಸು ಒರೆಸಿಕೊಂಡು ಬಂದ.
"ಅಪಾಯದ ವಲಯಕ್ಕೆ ಡಬಲ್ ಸಂಬಳ ಅಣ್ಣ,
ಸಹಿ ಹಾಕಿದೆ.
ಹನ್ನೊಂದು ದಿನ ಒಳಗಿದ್ದರೆ ದೋಣಿಗೆ ಇಂಜಿನ್ನು.
ಹದಿನೈದು ಆದರೆ ಬಲೆಯೂ."
"ಮೊದಲಿನ ಮೂರು ತಿಂಗಳದ್ದು?"
"ಅದು ಇನ್ನೂ ಬಂದಿಲ್ಲ."
ಜೇಬಿನಿಂದ ಸಿಮ್ ಕಾರ್ಡು ಕೊಟ್ಟೆ. ಬದಲಿಗೆ
ಅಡುಗೆಮನೆಯಿಂದ ನಾಲ್ಕು ನಿಂಬೆಹಣ್ಣು ತಂದ.
ಇಳಿಯುವಾಗ ಮೇಲೆ ನೋಡಿದೆ:
ಕಟಾಂಜನಕ್ಕೆ ಒರಗಿ ಆಗಲೇ ಫೋನಿನ ಬೆಳಕಲ್ಲಿದ್ದ,
ಯಾರಿಗೋ ಎಣಿಸಿ ಹೇಳುತ್ತಿದ್ದ, ಬೆರಳು ಮಡಚಿ.

ಬ್ಯಾಗಿನಲ್ಲಿ ಕಂಪನಿಯ ಅರ್ಜಿ, ಮಡಿಕೆಯಲ್ಲೇ ಹರಿಯುತ್ತಿದೆ.
ನಾಳಿನ ಹಡಗುಗಳು ಅಮೋನಿಯಾ ಉರಿಸುತ್ತವಂತೆ,
ಹೊಗೆಯಿಲ್ಲ, ಮಸಿಯಿಲ್ಲ,
ಅಳೆಯಲು ಬಲ್ಲವರು ಬೇಕಂತೆ, ತರಬೇತಿ ಉಚಿತ.
ಐವತ್ತೊಂದಕ್ಕೆ ಮತ್ತೆ ಬೆಂಚಿನ ಮೇಲೆ.
ಅಮೋನಿಯಾ ನನಗೆ ಹೊಸತೇನಲ್ಲ.
ಅವ್ವ ಹೊಯಿಗೆಯ ಮೇಲೆ ತಾಟೆ ಮೀನು ಒಣಗಿಸುತ್ತಿದ್ದಳು,
ಎರಡನೆಯ ದಿನ ಎಬ್ಬಿಸುತ್ತಿದ್ದ ಆ ಘಾಟು, ಕಣ್ಣಲ್ಲಿ ನೀರು.
ಅದೇ ಅಂತೆ ನಾಳೆಯ ವಾಸನೆ.

ಹೆಸರು ಬರೆದೆ. ವಯಸ್ಸು, ರಕ್ತದ ಗುಂಪು.
ಹದಿನಾಲ್ಕನೆಯ ಪ್ರಶ್ನೆ:
ವಾಸನೆ ಸರಿಯಾಗಿ ತಿಳಿಯುತ್ತದೆಯೇ? ಹೌದು, ಇಲ್ಲ.
ನಿಂಬೆಯನ್ನು ಉಗುರಲ್ಲಿ ಗೀರಿ ಮೂಗಿಗೆ ಹಿಡಿದೆ.
ಇನ್ನೊಂದನ್ನೂ ಗೀರಿದೆ.

ಸೈದಾಲವಿ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟು
"ಇವತ್ತು ಏಲಕ್ಕಿ ಹಾಕಿದ್ದೇನೆ," ಎಂದ, "ಗೊತ್ತಾಯಿತಾ?"

ಹೂಂ, ಎಂದೆ.