ಸೊನ್ನೆ ಎರಡು ಏಳು

ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು.
ಸೊಪ್ಪು ಮೆಲ್ಲುವ ಸದ್ದು ನಿಂತ ಮನೆಯಲ್ಲಿ
ಗೋಡೆ ಗಡಿಯಾರಕ್ಕೂ ಗಂಟಲು ಬಂದಿತ್ತು.
ಶಿಡ್ಲಘಟ್ಟದಲ್ಲಿ ಬಿಡುವು ಅಂದರೆ ಇಷ್ಟೇ,
ಒಂದು ಹಗಲು, ಒಂದು ರಾತ್ರಿ.
ಕಂಪ್ಯೂಟರಿನ ಮೇಲಿನ ಹಳೇ ಪಂಚೆ ಸರಿಸಿ
ಕೂತೆ.

ಮುಚ್ಚಿಹೋದ ಸೈಬರ್ ಅಂಗಡಿಯಿಂದ
ಎರಡೂವರೆ ಸಾವಿರಕ್ಕೆ ತಂದದ್ದು.
ಏಳರ ಗುಂಡಿ ಮಾತ್ರ ಗುದ್ದಿದರೇ ಕೇಳುವುದು.
ಲಿನಕ್ಸ್ ಹಾಕಿದವಳು ನಾನು,
ನಾಲ್ವರಿಗೆ ನಾಲ್ಕು ಖಾತೆ ತೆರೆದವಳು ನಾನು:
ಮಾವ ಪಿಳ್ಳಾಂಜಿನಪ್ಪನವರಿಗೆ
ಬಾಡಿಗೆ ಚಂದ್ರಿಕೆಗಳ ಲೆಕ್ಕಕ್ಕೆ,
ಗಂಡನಿಗೆ ಕ್ರಿಕೆಟ್ಟಿಗೆ,
ನಾದಿನಿ ಭಾರ್ಗವಿಗೆ ಬಿ.ಎಡ್. ಪಾಠಯೋಜನೆಗೆ,
ನನಗೆ, ಇವರೆಲ್ಲರ ರಿಪೇರಿಗೆ.

ಹೋದ ವಾರ ಯಾರೋ ಐವತ್ತು ಚಂದ್ರಿಕೆ
ವಾಪಸು ತಂದಿಲ್ಲವೆಂದು ಲೆಕ್ಕ ಹುಡುಕುತ್ತ
ತಪ್ಪಿ ಭಾರ್ಗವಿಯ ಅಂಗಳಕ್ಕೆ ಕಾಲಿಟ್ಟೆ.
‘ಹೆಸರಿಲ್ಲದ್ದು ಮೂರು’ ಎಂಬ ಫೈಲು.
ತಪ್ಪಿ ಎಂದೆನಲ್ಲ,
ಅದು ಮೊದಲ ಸಾಲಿನವರೆಗೆ ನಿಜ.
“ಅತ್ತಿಗೆ ನಗೋದು ಹುಳುಮನೆ ಬಾಗಿಲು
ಹಾಕ್ಕೊಂಡ ಮೇಲೆ, ಒಬ್ಬಳೇ.”
ಎರಡನೇ ಸಾಲನ್ನೂ ಓದಿದೆ.
ಒಟ್ಟು ಹದಿನೇಳು ಸಾಲಿದ್ದವು.

ಅವಳೇನು ತೆರೆದಿಟ್ಟಿರಲಿಲ್ಲ,
ಅದು ತೆರೆದೇ ಹುಟ್ಟಿತ್ತು.
ಇಲ್ಲಿ ಯಾವ ಫೈಲು ಹುಟ್ಟುವ ಮೊದಲೂ
ಯಾರೋ ತೀರ್ಮಾನಿಸಿಟ್ಟಿರುತ್ತಾರೆ
ಒಡೆಯರಿಗೆಷ್ಟು, ಗುಂಪಿಗೆಷ್ಟು, ಇತರರಿಗೆಷ್ಟು.
ಓದಲು ನಾಲ್ಕು, ತಿದ್ದಲು ಎರಡು, ನಡೆಸಲು ಒಂದು.
ವಿಚಿತ್ರವೆಂದರೆ ಇದು ಕಳೆಯುವ ಲೆಕ್ಕ:
ಎಷ್ಟು ಕಿತ್ತುಕೊಳ್ಳಬೇಕೆಂದು ಬರೆದರೆ
ಉಳಿದದ್ದು ತಾನಾಗಿ ಹಕ್ಕಾಗುತ್ತದೆ.
ಯಾರು ಬರೆದರು ಸೊನ್ನೆ ಎರಡು ಎರಡು ಎಂದು?
ಯಾರೂ ಇಲ್ಲ. ಮೊದಲಿಂದ ಹಾಗೇ.
ನಾನು ಮದುವೆಯಾಗಿ ಬಂದ ದಿನ
ಪಡಸಾಲೆಯಲ್ಲಿ ನನ್ನ ಟ್ರಂಕು ಬಿಚ್ಚಿ
ಬೀದಿಯವರೆಲ್ಲ ಸೀರೆಯ ಅಂಚು ಮುಟ್ಟಿ ನೋಡಿದರು,
ತಳದಲ್ಲಿದ್ದ ಆಟೋಗ್ರಾಫ್ ಪುಸ್ತಕವನ್ನೂ.
ಮೊದಲಿಂದ ಹಾಗೇ.

ಸೊನ್ನೆ ಏಳು ಏಳು ಎಂದು ಗುದ್ದಿದೆ.
ಒಡೆಯರ ಹೊರತು ಯಾರಿಗೂ ಏನೂ ಇಲ್ಲ.

ಬೆಳಗ್ಗೆ ಹುಳು ಎದ್ದವು. ಮಾವನೂ ಎದ್ದರು.
“ಏನಮ್ಮಯ್ಯಾ, ಹೊಸ ತಿಂಗಳ ಲೆಕ್ಕ
ನಿನ್ನ ಗಂಡನಿಗೆ ಕಾಣ್ತಾ ಇಲ್ವಂತೆ,
ನಾನೇನು ಕಳ್ಳಲೆಕ್ಕ ಬರೀತಾ ಇದೀನಾ?”

ಸೊಪ್ಪು ತರಿದ ಕೈ ಒರೆಸಿಕೊಂಡು ಮತ್ತೆ ಕೂತೆ.
ಸೊನ್ನೆ ಎರಡು ಏಳು.
ಗುಂಪು ಓದಬಹುದು, ತಿದ್ದುವಂತಿಲ್ಲ.
ಬೀದಿಗೆ ಏನೂ ಇಲ್ಲ.
ಗುಂಪಿಗೊಂದು ಹೆಸರು ಬೇಕಲ್ಲ,
‘ಮನೆ’ ಎಂದು ಹೊಡೆದೆ.
ಲೆಕ್ಕದ ಕಪಾಟನ್ನು ಮನೆಗೆ ಬರೆದೆ.
ಭಾರ್ಗವಿಯದು ಭಾರ್ಗವಿಗೇ.
ಮನೆಯಲ್ಲಿ ಯಾರ್ಯಾರು?
ಮಾವ. ಗಂಡ. ಭಾರ್ಗವಿ.
ನಾಲ್ಕನೇ ಹೆಸರಿಗೆ ಬೆರಳು ನಿಂತಿತು.
ಒಲೆಯ ಮೇಲೆ ಹಾಲಿತ್ತು, ಎದ್ದು ಹೋಗಿ ಬಂದು
ಆಮೇಲೆ ಸೇರಿಸಿದೆ.

ಯಾರಿಗೂ ಹೇಳದ ಮಾತೊಂದಿದೆ.
ಈ ನಿಯಮವೆಲ್ಲ ಇನ್ನು ಹುಟ್ಟುವುದಕ್ಕೆ.
ಆಗಲೇ ಹುಟ್ಟಿದ್ದು ಹುಟ್ಟಿದ ಹಾಗೇ ಬಿದ್ದಿರುತ್ತದೆ,
ಒಂದೊಂದರ ಬಳಿಗೂ ಹೋಗಿ ಚಿಲಕ ಹಾಕಬೇಕು.
‘ಹೆಸರಿಲ್ಲದ್ದು ಮೂರು’ ನಾನೇ ಮುಚ್ಚಿದೆ.
ಹದಿನೇಳು ಸಾಲು ನನ್ನೊಳಗೆ ತೆರೆದೇ ಇವೆ,
ಅಡುಗೆ ಮಾಡುವಾಗ ಹನ್ನೊಂದನೆಯದು
ಸುಮ್ಮನೆ ಬಂದು ನಿಲ್ಲುತ್ತದೆ.
ಅದೂ ಅಲ್ಲದೆ ಈ ಯಂತ್ರದ ಯಜಮಾನಿಕೆ ನನ್ನದು,
ಯಾವ ಸೊನ್ನೆಯೂ ನನ್ನನ್ನು ತಡೆಯುವುದಿಲ್ಲ.

ಸಂಜೆ ಭಾರ್ಗವಿಯನ್ನು ಕರೆದೆ.
ಯಜಮಾನಿಯ ಪಾಸ್‌ವರ್ಡು ಬದಲಿಸುತ್ತಿದ್ದೆ,
ಅರ್ಧ ನಾನು ಹೊಡೆದಾಗಿತ್ತು.
“ಮಿಕ್ಕ ನಾಲ್ಕು ಅಕ್ಷರ ನೀನು ಹಾಕು,
ನನಗೆ ಹೇಳಬೇಡ.”
“ಯಾಕತ್ತಿಗೆ?”
“ಏಳರ ಗುಂಡಿ ನನ್ನ ಕೈಗೆ ಬಗ್ಗೋದಿಲ್ಲ ಕಣೆ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ಓದಿದಳು.
ನಾನು ಹುಳುಮನೆಯ ಕಡೆ ತಿರುಗಿದೆ.
ಅಲ್ಲಿ ಸೊಪ್ಪು ಮೆಲ್ಲುವ ಸದ್ದು ಏರುತ್ತಿತ್ತು.
ನಾಲ್ಕೇ ಅಕ್ಷರ ಎಂದಿದ್ದೆ.
ಬೆನ್ನ ಹಿಂದೆ ಆರೋ ಏಳೋ ಸಲ
ಟಕ್ ಎಂದಿತು.