ಅಳತಿ ಪುಸ್ತಕದ ಹಿಂದಿನ ಹಾಳಿ

ಮುಂದಿನ ಹಾಳಿಯೊಳಗ ವಾಸ್ಕೋದ ಹೆಂಗಸರು,
ಅವರ ಎದಿ, ಸೊಂಟ, ತೋಳಿನ ಸುತ್ತಳತಿ.
ಹಿಂದಿನಿಂದ ತಿರುವಿದರ ನಮ್ಮಣ್ಣ.
ಒಂದು ಗೀಟಂದ್ರ ಒಂದು ಪಾಸು,
ಐದಕ್ಕೊಂದು ಅಡ್ಡಗೀಟು,
ಬ್ಯಾರೇದವರ ಕಾಲಿಗೆ ಹೋದದ್ದಕ್ಕ ಸೊನ್ನಿ.
ಗೋಲಿನ ಕಾಲಮ್ಮು ಹಾಕಿರಲಿಲ್ಲ.
ಗೋಲು ಪೇಪರಿನವರು ಬರೀತಾರ,
ಅವರು ಬರಿಯದ್ದು ನನ್ನ ಪಾಲಿಗೆ.

ಅಪ್ಪ ಬಾಗಲಕೋಟಿ ಕಡಿಯಿಂದ ಬಂದಾಂವ.
ಚಿಕಾಲಿಮ್ ಗುಡ್ಡದ ಮ್ಯಾಲ ಫ್ಲಾಟು ಏಳುವಾಗ
ಲಾರಿಯಿಂದ ಮೂರನೇ ಮಾಳಿಗಿ ತನಕ
ಹದಿಮೂರು ಮಂದಿಯ ಸಾಲು,
ಕೈಯಿಂದ ಕೈಗೆ ಇಟ್ಟಿಗಿ.
ಸಾಲಿ ಸೂಟಿಯೊಳಗ ಅಣ್ಣ ಏಳನೆಯಾಂವ,
ನಟ್ಟನಡುವ.
‘ಹಿಡಕೊಂಡು ಏನ ನೋಡತಿಯಲೇ, ಬಂಗಾರೇನು?
ಬರೂದ್ರೊಳಗ ಯಾರ ಕೈಗೆ ಅನ್ನೂದು ಗೊತ್ತಿರಬೇಕು.’
ಇನಾಸಿಯೊ ಮಾಸ್ತರು ಒಂಬತ್ತು ವರ್ಷ
ಕೊಂಕಣಿಯೊಳಗ ಒದರಿ ಕಲಿಸಿದ್ದೂ ಇಷ್ಟ.

ಹಾದಿಮನಿ ಅನ್ನೂದು ಅಂಗಿ ಬೆನ್ನಿಗೆ ಹಿಡಿಸಲಿಲ್ಲ.
ದುರಗಪ್ಪನೂ ಹಿಡಿಸಲಿಲ್ಲ.
‘ದುರ್ಗೊ’ ಅಂದರು, ಕೆಳಗ ಎಂಟು.
ಮೊದಲನೇ ಎಂಟು ನಾನ ಹೊಲದದ್ದು,
ಹಳೇ ಪರದಿಯ ಕೆಂಪು ಅರಿವಿ.
ಬೆವರಿಗೆ ಬಣ್ಣ ಬಿಟ್ಟು ಬೆನ್ನಿಗೆ ಹತ್ತಿತ್ತು.
ಬಚ್ಚಲದಾಗ ತಿಕ್ಕಿದ ಅವ್ವ ನಕ್ಕಿದ್ದಳು,
ಎರಡು ದಿನ ಬರಿಮೈಯಾಗೂ ಎಂಟನೇ ನಂಬರು.

ಮಡಗಾಂವದ ಗ್ಯಾಲರಿ ‘ಘಾಟಿ, ಘಾಟಿ’ ಅಂತ ಕೂಗಿದ ದಿನ
ಗೀಟು ಅರವತ್ತೊಂದು, ಸೊನ್ನಿ ಎರಡ.
ಸಿಟ್ಟು ಬಂದರ ಆಂವ ಇನ್ನಷ್ಟು ನೆಟ್ಟಗ ಕೊಡತಿದ್ದ.
ಮರುವರ್ಷ ಅದ ಗ್ಯಾಲರಿ ಅದ ಬಾಯಿಲೆ
‘ಆಮ್ಚೊ ದುರ್ಗೊ’ ಅಂತು.
ಅವತ್ತು ಸೊನ್ನಿ ಹನ್ನೊಂದು.

ಪುಣೆಯ ಕ್ಲಬ್ಬು ಎರಡು ಸೀಸನ್ ಆಡಿಸಿ ಬಾಗಿಲ ಹಾಕಿತು,
ಮೂರು ತಿಂಗಳ ಪಗಾರ ಇನ್ನೂ ಬರಬೇಕು.
ಅಲ್ಲಿಯ ಗೀಟು ಫೋನಿನ್ಯಾಗ ನೋಡಿ ಹಾಕಿದ್ದು,
ಚಿತ್ರ ನಿಂತಲ್ಲಿ ಲೆಕ್ಕಾನೂ ನಿಂತಾವ.
ಮುಂದಿನ ನಾಕು ಹಾಳಿ ಖಾಲಿ.
ಬಲಗಾಲ ಮೊಣಕಾಲು.
ಎಣ್ಣಿ ಕೈಲೆ ಪುಸ್ತಕ ಮುಟ್ಟಿದ್ದೆ,
ಹೆಬ್ಬೆಟ್ಟು ಈಗೂ ಕಾಣತದ.

ಹದಿನಾಲ್ಕು ವರ್ಷಕ್ಕ ಒಂದು ಗೋಲು.
ಬಲಕ್ಕ ಓಡತಿದ್ದ ಆಗ್ನೆಲನ ಮುಂದ ಚೆಂಡು ಉರುಳಿಸಿದ.
ಆಗ್ನೆಲ ಜಾರಿ ಬಿದ್ದ.
ಗೋಲಿ ಬಿದ್ದಾಂವನ್ನ ನೋಡಕೋತ ನಿಂತ.
ತಡಾ ಮಾಡಿ ಮನಿಗೆ ಬಂದ ಗಂಡಸು
ಕದ ಸಪ್ಪಳಾಗದಂಗ ದೂಡತಾನಲ್ಲ,
ಹಂಗ ಒಳಗ ಹೋತು.
ಹತ್ತೂ ಮಂದಿ ಅವನ ಮ್ಯಾಲ ಬಿದ್ದು ಹೊರಳಾಡಿದರು.
ಪೇಪರಿನ್ಯಾಗ ಫೋಟೋ ಬಂತು.
ರಾತ್ರಿ ಮೀನಿನ ಸಾರು ಕಲಸಿಗೋತ ಅಣ್ಣ ಅಂದ:
‘ಹೊಡದದ್ದಲ್ಲ ಅದು. ಕೊಟ್ಟದ್ದು.’

ತಿಲಕ್ ಮೈದಾನದ ಕಡೀ ಆಟ,
ಅರವತ್ತಮೂರನೇ ನಿಮಿಷ, ಹಲಗಿ ಮ್ಯಾಲ ಕೆಂಪು ಎಂಟು.
ಆಚಿ ದಂಡಿಯೊಳಗಿದ್ದ.
ಹೊರಬೀಳಲಿಕ್ಕೆ ಇಡೀ ಮೈದಾನ ದಾಟಬೇಕಾತು,
ಓಡಲಿಲ್ಲ. ರೆಫ್ರಿ ಗಡಿಯಾರ ನೋಡಿದ.
ಪೆನ್ನಿನ ಟೊಪ್ಪಿಗಿ ಹಾಕಿದೆ ನಾ.

ಈಗ ಬಂದರದಾಗ ಕ್ರೇನಿನ ಪಾಳಿ.
ನಿನ್ನೆ ಸಂಜಿಕ ಅಂಗಡಿಗೆ ಬಂದು
ಸ್ಟೂಲಿನ ಮ್ಯಾಲ ಕುಂತು ಹಾಳಿ ತಿರುವಿದ,
ಆ ಗೋಲಿನ ರಾತ್ರಿ ತನಕ.
ಕಡೀ ಗೀಟಿನ ಜಾಗ ಬರಿದ.
‘ಇಲ್ಲಿ ಏನ ಹಾಕಬೇಕಿತ್ತು?’ ಅಂದೆ.
‘ಯಾರಿಗೂ ಮುಟ್ಟಲಿಲ್ಲಲ್ಲ,’ ಅಂದ,
ಕಿವಿ ಸಂದಿಯ ಸೀಸಾಕಡ್ಡಿ ತಗದು
ಸೊನ್ನಿ ಬರದ, ಸಾವಕಾಶ, ದುಂಡಗ.

ಅಷ್ಟೊತ್ತಿಗೆ ಫಿಲೊಮಿನಾಬಾಯಿ ಬಂದರು,
ಮಗಳ ರೋಸಾರಿಗೆ ಬ್ಲೌಸು, ಅರ್ಜೆಂಟು.
ಟೇಪು ಎಲ್ಲಿಟ್ಟೆ ಅಂತ ನಾ ತಿರುಗೂದ್ರೊಳಗ
ಅದು ನನ್ನ ಕೈಯಾಗಿತ್ತು.
ಆಂವ ಬಾಗಿಲದಾಚೆ ರಸ್ತಾ ನೋಡತಿದ್ದ.